ಉಪವಾಸಕ್ಕೆ ಕಾರಣ ಕೇಳದ ಮನೆಗಳಲ್ಲಿ

ನಮ್ಮ ಮನೆಗಳಲ್ಲಿ ಉಪವಾಸಕ್ಕೆ ಯಾರೂ ಕಾರಣ ಕೇಳುವುದಿಲ್ಲ. ಊಟಕ್ಕೆ ಕುಳಿತವರನ್ನು ಬಿಡದೆ ವಿಚಾರಿಸುತ್ತೇವೆ. ಸಾರು ಹಿಡಿಸಲಿಲ್ಲವೇ, ಇನ್ನೊಂದು ಸೌಟು ಅನ್ನ ಬಡಿಸಲೇ, ಸಂಜೆಯ ತಿಂಡಿ ಹೆಚ್ಚಾಯಿತೇ ಎಂದೆಲ್ಲ. ಆದರೆ “ಇವತ್ತು ನನಗೆ ಉಪವಾಸ” ಎಂದವರನ್ನು ಒಂದು ಬಗೆಯ ಗೌರವದಿಂದ ಅವರ ಪಾಡಿಗೆ ಬಿಡುತ್ತೇವೆ. ಕುಂದಾಪುರದ ಕಡೆಯಿಂದ ಎರಡು ತಲೆಮಾರಿನ ಹಿಂದೆ ಮುಂಬಯಿಗೆ ಬಂದು ನೆಲೆಸಿದ ನಮ್ಮಂಥ ಕುಟುಂಬಗಳಲ್ಲಿ ಈ ಅನುಕೂಲ ಇನ್ನೂ ಹೆಚ್ಚು. ಊರಿನಿಂದ ತಂದ ಏಕಾದಶಿ, ಶ್ರಾವಣ ಶನಿವಾರ, ನವರಾತ್ರಿಗಳ ಜೊತೆಗೆ ಮರಾಠಿ ನೆರೆಹೊರೆಯವರ ಸಂಕಷ್ಟಿ, ಸೋಮವಾರ, ಮಾರ್ಗಶೀರ್ಷದ ಗುರುವಾರಗಳೂ ಒಂದೊಂದಾಗಿ ಮನೆಯೊಳಗೆ ಬಂದಿವೆ. ಮನಸ್ಸು ಮಾಡಿದರೆ ಯಾರಿಗೂ ಉತ್ತರ ಕೊಡದೆ ವರ್ಷದ ಎಷ್ಟೋ ದಿನಗಳನ್ನು ಹಸಿದೇ ಕಳೆಯಬಹುದು. ನನ್ನ ಅಕ್ಕನ ಮಗಳು ಹಾಗೆಯೇ ಕಳೆದಳು.

ಅವಳ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಬರೆಯುವಾಗ ತೂಕದ ಅಂಕಿಯನ್ನು ಎಲ್ಲಿಯೂ ಹಾಕಬಾರದೆಂದು ಅವಳು ಷರತ್ತು ಹಾಕಿದ್ದಾಳೆ. ಅವಳಿಗಿದ್ದದ್ದು ಅನೊರೆಕ್ಸಿಯಾ, ಊಟಕ್ಕೇ ಹೆದರಿ ಮೈಯನ್ನು ಹಸಿವಿಗೆ ಒಡ್ಡುವ ಮಾನಸಿಕ ಕಾಯಿಲೆ. ಇದೇ ಕಾಯಿಲೆಯಲ್ಲಿರುವ ಇನ್ನೊಬ್ಬ ಹುಡುಗಿ ಓದಿದರೆ ಆ ಅಂಕಿಯನ್ನೇ ಗುರಿಯಾಗಿ ಇಟ್ಟುಕೊಳ್ಳುತ್ತಾಳೆ ಎಂಬುದು ಅವಳು ಕೊಟ್ಟ ಕಾರಣ. ಚಿಕಿತ್ಸೆ ಕೊಟ್ಟ ವೈದ್ಯರೂ ಇದೇ ಮಾತನ್ನು ಹೇಳಿದ್ದರು.

ಉಪವಾಸವನ್ನು ನಾನು ದೂರುತ್ತಿಲ್ಲ. ನನ್ನ ಅಮ್ಮನಿಗೆ ಈಗ ಎಂಬತ್ತು ಸಮೀಪಿಸಿದೆ. ಒಂದೇ ಒಂದು ಏಕಾದಶಿಯನ್ನೂ ಬಿಟ್ಟವರಲ್ಲ. ಆದರೆ ಮರುದಿನ ದ್ವಾದಶಿಯ ಪಾರಣೆಗೆ ಬೆಳಗಾಗುವಷ್ಟರಲ್ಲಿ ಮಿಂದು, ಅಡುಗೆ ಮುಗಿಸಿ, ಎಲೆಯ ಮುಂದೆ ಕುಳಿತು ಸಂತೋಷದಿಂದ ಉಣ್ಣುವವರು. ವ್ರತದ ಉಪವಾಸಕ್ಕೆ ಒಂದು ಪಾರಣೆಯಿರುತ್ತದೆ, ತಿಥಿ ನೋಡಿ ಅದನ್ನು ಮುರಿಯುವ ಹೊತ್ತಿರುತ್ತದೆ, ಮುರಿಯದಿದ್ದರೆ ದೋಷವೆಂಬ ನಂಬಿಕೆಯೂ ಇರುತ್ತದೆ. ಅಕ್ಕನ ಮಗಳ ಉಪವಾಸಗಳಿಗೆ ಪಾರಣೆ ಇರಲಿಲ್ಲ. ಸೋಮವಾರದ್ದು ಮುಗಿದರೆ ಮಂಗಳವಾರ ಹೊಟ್ಟೆ ಸರಿಯಿರುತ್ತಿರಲಿಲ್ಲ, ಬುಧವಾರ ಕಾಲೇಜಿನಲ್ಲಿ ಗೆಳತಿಯ ಹುಟ್ಟುಹಬ್ಬಕ್ಕೆ ತಿಂದು ಬಂದಿರುತ್ತಿದ್ದಳು, ಗುರುವಾರ ಮತ್ತೆ ವ್ರತ. ಉಪವಾಸದ ದಿನ ಈ ಊರಿನಲ್ಲಿ ಎಲ್ಲರೂ ಆಸೆಪಟ್ಟು ತಿನ್ನುವ ಸಾಬುದಾಣೆ ಖಿಚಡಿಯನ್ನು ಅವಳು ಮುಟ್ಟುತ್ತಿರಲಿಲ್ಲ. ಶೇಂಗಾಪುಡಿ, ತುಪ್ಪ ಹಾಕಿದ್ದಾರೆಂಬ ಒಂದೇ ಕಾರಣಕ್ಕೆ ಅದನ್ನು ನಿರಾಕರಿಸುತ್ತಿದ್ದಾಳೆ ಎಂಬುದು ಆಗ ಮನೆಯವರಿಗೆ ಹೊಳೆಯಲಿಲ್ಲ. “ನಿರಾಹಾರ ಮಾಡ್ತಾಳೆ, ನಮ್ಮ ಕಾಲದ ಹೆಂಗಸರಿಗೇ ಆಗ್ತಿರ್ಲಿಲ್ಲ” ಎಂದು ಅಮ್ಮ ಊರಿಗೆ ಫೋನು ಮಾಡಿ ಹೇಳಿಕೊಂಡಿದ್ದರು. ವರ್ಷ ತುಂಬುವ ಮೊದಲೇ ಅದೇ ನಿಷ್ಠೆಗೆ ಮನೆಯವರೆಲ್ಲ ಹಠವೆಂದು ಹೆಸರಿಟ್ಟರು. ತಟ್ಟೆಯ ಮುಂದೆ ಅವಳು ನಡೆದುಕೊಳ್ಳುತ್ತಿದ್ದ ರೀತಿಯಲ್ಲಿ ಮಾತ್ರ ಏನೂ ಬದಲಾಗಿರಲಿಲ್ಲ.

ಅವಳು ಡೊಂಬಿವಲಿಯಿಂದ ಮಾಟುಂಗಾ ಕಡೆಯ ಒಂದು ಕಾಲೇಜಿಗೆ ಹೋಗಿಬರುತ್ತಿದ್ದಳು. ಸೆಂಟ್ರಲ್ ಲೈನಿನ ಲೇಡೀಸ್ ಡಬ್ಬಿಯಲ್ಲಿ ಬೆಳಗಿನ ಹೊತ್ತು ಓಡಾಡಿದವರಿಗೆ ಫೋರ್ತ್ ಸೀಟಿನ ವ್ಯವಹಾರ ಗೊತ್ತಿರುತ್ತದೆ. ಮೂವರಿಗೆಂದು ಮಾಡಿದ ಬೆಂಚಿನ ತುದಿಯಲ್ಲಿ ನಾಲ್ಕನೆಯವಳು ಅರ್ಧ ಸೊಂಟ ಊರಿ, ಉಳಿದರ್ಧವನ್ನು ದಾರಿಯ ಕಡೆ ಚಾಚಿ ಕೂರುತ್ತಾಳೆ. ಅವಳನ್ನು ಕೂರಲು ಬಿಡಬೇಕೇ ಬೇಡವೇ ಎಂಬುದನ್ನು ಮೊದಲೇ ಕುಳಿತ ಮೂವರು ಅವಳ ಮೈಯ ಮೇಲೆ ಒಮ್ಮೆ ಕಣ್ಣಾಡಿಸಿ ತೀರ್ಮಾನಿಸುತ್ತಾರೆ. ನನ್ನಷ್ಟು ಅಗಲದವಳು “ಜರಾ ಸರಕಾ”, ಸ್ವಲ್ಪ ಸರಿಯಿರಿ, ಎಂದು ಕೇಳಿದರೆ ಮೂರೂ ಮುಖಗಳು ಕಿಟಕಿಯ ಕಡೆ ತಿರುಗುತ್ತವೆ. ತೆಳ್ಳಗಿನ ಹುಡುಗಿಯನ್ನು ಅವರಾಗಿಯೇ ಕರೆದು ಕೂರಿಸಿಕೊಳ್ಳುತ್ತಾರೆ. ಚೆನ್ನಾಗಿ ಕಾಣಬೇಕೆಂಬ ಆಸೆಗಿಂತ ಮೊದಲೇ, ಯಾರಿಗೂ ಅಡ್ಡವಾಗದ ಹಾಗೆ ಇರಬೇಕೆಂಬ ಆಸೆ ತನಗೆ ಹುಟ್ಟಿದ್ದು ಆ ಬೆಂಚಿನ ಮೇಲೆ ಎಂದು ಅವಳು ಒಮ್ಮೆ ನನ್ನ ಹತ್ತಿರ ಹೇಳಿದಳು. “ಕಡಿಮೆ ಜಾಗ ಸಾಕು ಅನ್ನೋದೇ ಒಂದು ಒಳ್ಳೇತನ ಅನ್ನಿಸ್ತಿತ್ತು ಚಿಕ್ಕಮ್ಮ” ಎಂಬುದು ಅವಳದೇ ಮಾತು. ಕಾಯಿಲೆ ಬಲಿತ ಮೇಲೆ ಅದೇ ಬೆಂಚು ಅವಳಿಗೆ ಒತ್ತಲು ಶುರುವಾಯಿತು. ಸೊಂಟದ ಮೂಳೆಗಳು ಹಲಗೆಗೆ ತಾಗಿ ನೋಯುತ್ತಿದ್ದುದರಿಂದ ದುಪಟ್ಟಾವನ್ನು ನಾಲ್ಕು ಮಡಿಕೆ ಮಾಡಿ ಅದರ ಮೇಲೆ ಕೂರುತ್ತಿದ್ದಳು. ಈ ಕಾಯಿಲೆಯನ್ನು ಸಿನಿಮಾ ನಟಿಯರ ಅನುಕರಣೆ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುವವರಿಗೆ ನಾನು ಈ ಬೆಂಚಿನ ಸಂಗತಿಯನ್ನೇ ಹೇಳುತ್ತೇನೆ.

ಮನೆಯಲ್ಲಿ ಊಟದ ಮೇಜಿನ ಮಾತು ಬೇರೆಯೇ ಇತ್ತು. ಭಾವನಿಗೆ ಘಾಟ್ಕೋಪರಿನಲ್ಲಿ ಒಂದು ಸಸ್ಯಾಹಾರಿ ಹೋಟೆಲಿದೆ. ಬೆಳಗಿನಿಂದ ರಾತ್ರಿಯವರೆಗೆ ಬೆಣ್ಣೆ ದೋಸೆ, ಉದ್ದಿನ ವಡೆ, ಶಿರಾಗಳ ನಡುವೆ ಗಲ್ಲೆಯಲ್ಲಿ ಕೂರುವ ಮನುಷ್ಯನಿಗೆ ಸಕ್ಕರೆ ಕಾಯಿಲೆ ಬಂತು. ವೈದ್ಯರು ಹೇಳಿದ ಪಥ್ಯವನ್ನು ಅವರು ಹೋಟೆಲಿನ ಲೆಕ್ಕದಷ್ಟೇ ಶಿಸ್ತಿನಿಂದ ಪಾಲಿಸಿದರು. ಅನ್ನಕ್ಕೊಂದು ಅಳತೆಯ ಬಟ್ಟಲು, ಚಪಾತಿಗೆ ಎಣಿಕೆ, ಬಾಳೆಹಣ್ಣಿಗೆ ನಿಷೇಧ, ಊಟದ ನಡುವೆ ಯಾವುದರಲ್ಲಿ ಎಷ್ಟು ಪಿಷ್ಟವಿದೆ ಎಂಬ ವಿವರಣೆ. ಇದರಲ್ಲಿ ಅವರದೇನೂ ತಪ್ಪಿಲ್ಲ. ನಮ್ಮವರ ಮೈಯ ವಿಷಯದಲ್ಲಿ ಈ ಎಚ್ಚರ ಬೇಕೆಂದು ತೋರಿಸಿಕೊಟ್ಟ ದೊಡ್ಡ ಕೆಲಸ ನಡೆದದ್ದೂ ಇಲ್ಲೇ ಹತ್ತಿರದ ಪುಣೆಯಲ್ಲಿ. ಅಲ್ಲಿನ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಅವರು 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತಮ್ಮದೂ ತಮ್ಮ ಬ್ರಿಟಿಷ್ ಸಹೋದ್ಯೋಗಿ ಜಾನ್ ಯುಡ್ಕಿನ್ ಅವರದೂ ಚಿತ್ರವನ್ನು ಅಕ್ಕಪಕ್ಕದಲ್ಲಿ ಪ್ರಕಟಿಸಿದರು. ಇಬ್ಬರ ಬಿಎಂಐ, ಅಂದರೆ ಕಿಲೋ ತೂಕವನ್ನು ಮೀಟರಿನಲ್ಲಿ ಅಳೆದ ಎತ್ತರದ ವರ್ಗದಿಂದ ಭಾಗಿಸಿದಾಗ ಬರುವ ಅಂಕಿ, ಒಂದೇ ಆಗಿತ್ತು: 22.3. ಆದರೆ ಮೈಯಲ್ಲಿದ್ದ ಕೊಬ್ಬು ಯುಡ್ಕಿನ್ ಅವರಲ್ಲಿ ಶೇಕಡಾ 9.1, ಯಾಜ್ಞಿಕ್ ಅವರಲ್ಲಿ ಶೇಕಡಾ 21.2. ಹೊರಗೆ ತೆಳ್ಳಗೆ ಕಂಡರೂ ಒಳಗೆ ಕೊಬ್ಬು ಹೆಚ್ಚಿರುವ ಭಾರತೀಯ ಮೈಯನ್ನು ಗಮನದಲ್ಲಿಟ್ಟೇ ನಮ್ಮಲ್ಲಿ ಅಧಿಕ ತೂಕದ ಗೆರೆಯನ್ನು 25ರ ಬದಲು 23ಕ್ಕೆ ಇಳಿಸಿದ್ದಾರೆ.

ಇವೆಲ್ಲವೂ ಭಾವನಿಗೆ ಬೇಕಾದ ತಿಳಿವಳಿಕೆಯಾಗಿತ್ತು. ಆದರೆ ಅದೇ ಮೇಜಿನ ಇನ್ನೊಂದು ಬದಿಗೆ ಹದಿನೆಂಟರ ಹುಡುಗಿಯೊಬ್ಬಳು ಕುಳಿತು, ತಂದೆಯ ಪಥ್ಯದ ಒಂದೊಂದು ನಿಯಮವನ್ನೂ ತನ್ನದಾಗಿಸಿಕೊಂಡು, ತಂದೆಗಿಂತ ಒಂದು ಬಟ್ಟಲು ಕಡಿಮೆಗೆ ಇಳಿಯುತ್ತಿದ್ದಳು. ಅಪ್ಪ ಅನ್ನ ಬಿಟ್ಟರೆ ಅದು ಸಂಯಮ, ಮಗಳು ಬಿಟ್ಟರೆ ಅದು ಅಪ್ಪನನ್ನು ನೋಡಿ ಕಲಿತ ಒಳ್ಳೆಯ ಅಭ್ಯಾಸ. ಬಿಎಂಐಯ ಅಂಕಿ ಯಾಜ್ಞಿಕ್ ಮತ್ತು ಯುಡ್ಕಿನ್ ಅವರ ನಡುವಿನ ಅಂತರವನ್ನು ಹೇಳಲಿಲ್ಲ. ಅಪ್ಪ ಮಗಳ ನಡುವಿನ ಅಂತರವನ್ನೂ ಅದು ಹೇಳಲಿಲ್ಲ. ಎಷ್ಟೋ ಕಾಲ ಅವಳ ಅಂಕಿ ಚಾರ್ಟಿನ ಸರಿಯಾದ ಖಾನೆಯೊಳಗೇ ಇತ್ತು. ಮೈದುಂಬಿದವರೊಬ್ಬರು ಕೆಲವೇ ತಿಂಗಳಲ್ಲಿ ತೀರ ಇಳಿದುಹೋದರೆ ಅವರ ಅಂಕಿ ಸರಿಯಾಗಿಯೇ ಕಾಣುತ್ತದೆ, ಅಷ್ಟರಲ್ಲಿ ಹೃದಯದ ಬಡಿತ ಅಪಾಯದ ಮಟ್ಟಕ್ಕೆ ನಿಧಾನವಾಗಿರಬಹುದು.

ಅವಳು ಊಟ ಮಾಡುತ್ತಿದ್ದ ಬಗೆಯನ್ನು ಒಂದು ರಾತ್ರಿ ನಾನು ಎದುರಿಗೇ ಕುಳಿತು ನೋಡಿದೆ. ಸ್ಟೀಲ್ ತಟ್ಟೆಯಲ್ಲಿ ಒಂದು ಇಡ್ಲಿ. ಅದನ್ನು ಮೊದಲು ನಾಲ್ಕು ಭಾಗ ಮಾಡಿದಳು, ಆಮೇಲೆ ಒಂದೊಂದು ಭಾಗವನ್ನೂ ಉಗುರಿನಷ್ಟು ಚೂರುಗಳಾಗಿ ಬಿಡಿಸಿ ತಟ್ಟೆಯ ಅಂಚಿನುದ್ದಕ್ಕೂ ಹರಡಿದಳು. ಚಟ್ನಿಯನ್ನು ಬಡಿಸಿಕೊಂಡಳು, ಆದರೆ ಚೂರು ಅದಕ್ಕೆ ತಾಗದಂತೆ ನೋಡಿಕೊಂಡಳು. ಎರಡು ಚೂರಿಗೊಮ್ಮೆ ಬಿಸಿನೀರು. ಅವಳ ಕಣ್ಣು ಮಾತ್ರ ತನ್ನ ತಟ್ಟೆಯ ಮೇಲೆ ಇರಲಿಲ್ಲ. ನಾನು ಎಷ್ಟು ಬಡಿಸಿಕೊಳ್ಳುತ್ತೇನೆ, ಅಕ್ಕ ತುಪ್ಪ ಹಾಕಿಕೊಂಡಳೇ ಎಂದು ಎಲ್ಲರ ಕೈಯ ಮೇಲೇ ಇತ್ತು. ನಾವೆಲ್ಲ ಕೈ ತೊಳೆದು ಬಂದು ಟೀವಿಯ ಮುಂದೆ ಕುಳಿತು ಒಂದು ಧಾರಾವಾಹಿ ಮುಗಿದಾಗಲೂ ಆ ಇಡ್ಲಿ ಮುಗಿದಿರಲಿಲ್ಲ. ಇಷ್ಟಾಗಿಯೂ ಅಡುಗೆಯಲ್ಲಿ ಅವಳಿಗಿದ್ದ ಆಸಕ್ತಿಗೆ ಮಿತಿಯಿರಲಿಲ್ಲ. ಫೋನಿನ ತುಂಬ ಅಡುಗೆಯ ವಿಡಿಯೋಗಳು. ಭಾನುವಾರ ಬಂದರೆ ಮನೆಯವರಿಗೆಲ್ಲ ತಾನೇ ನೀರ್ದೋಸೆ ಹುಯ್ಯುತ್ತಿದ್ದಳು, ಕಾಯಿಹಾಲು ಹಿಂಡುತ್ತಿದ್ದಳು, ಬಡಿಸುತ್ತ ನಿಂತು, ಕೊನೆಗೆ “ಹೊಗೆಗೇ ಹೊಟ್ಟೆ ತುಂಬಿತು” ಎಂದು ಒಲೆ ಆರಿಸುತ್ತಿದ್ದಳು. ಎಲ್ಲರಿಗೂ ಬಡಿಸಿ ಕೊನೆಗೆ ಉಳಿದದ್ದನ್ನು ಉಣ್ಣುವ ಹೆಂಗಸರನ್ನು ಹೊಗಳಿಕೊಂಡೇ ಬಂದ ಮನೆಗಳಲ್ಲಿ ಇದು ಯಾರಿಗೆ ತಾನೇ ಕಾಯಿಲೆಯಾಗಿ ಕಾಣಬೇಕು? ಅಮ್ಮ ಅವಳನ್ನು ಅನ್ನಪೂರ್ಣೆ ಎಂದು ಕರೆಯುತ್ತಿದ್ದರು.

ಈ ಎಲ್ಲ ನಡವಳಿಕೆಯನ್ನೂ ನಾನು ಆಮೇಲೆ ಬೇರೊಂದು ಕಡೆ ಓದಿದೆ, ಅದೂ ಅಮೆರಿಕದ ಗಂಡಸರ ವಿಷಯದಲ್ಲಿ. ಎರಡನೆಯ ಮಹಾಯುದ್ಧ ಮುಗಿಯುತ್ತ ಬಂದಾಗ ಯೂರೋಪಿನಲ್ಲಿ ಹಸಿವಿನಿಂದ ಕಂಗೆಟ್ಟ ಲಕ್ಷಾಂತರ ಜನರಿಗೆ ಮತ್ತೆ ಉಣ್ಣಿಸುವುದು ಹೇಗೆಂದು ತಿಳಿಯಬೇಕಾಗಿತ್ತು. ಅದಕ್ಕಾಗಿ ಮಿನೆಸೊಟಾ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ಶರೀರಶಾಸ್ತ್ರಜ್ಞ 1944ರ ನವೆಂಬರಿನಲ್ಲಿ ಒಂದು ಪ್ರಯೋಗ ಆರಂಭಿಸಿದ. ಬೆಲ್ಜಿಯಂನ ಕೆಟ್ಲೆ ಹತ್ತೊಂಬತ್ತನೆಯ ಶತಮಾನದಲ್ಲಿ ರೂಪಿಸಿದ್ದ ಸೂತ್ರಕ್ಕೆ 1972ರಲ್ಲಿ ಬಿಎಂಐ ಎಂದು ಹೆಸರಿಟ್ಟದ್ದೂ ಇದೇ ಕೀಸ್. ಯುದ್ಧದಲ್ಲಿ ಆಯುಧ ಹಿಡಿಯಲು ಮನಸ್ಸಾಕ್ಷಿಯ ಕಾರಣಕ್ಕೆ ನಿರಾಕರಿಸಿದ್ದ 36 ಯುವಕರು ಪ್ರಯೋಗಕ್ಕೆ ತಾವಾಗಿಯೇ ಮುಂದೆ ಬಂದರು. ದೇಹದಲ್ಲೂ ಮನಸ್ಸಿನಲ್ಲೂ ಗಟ್ಟಿಯಾಗಿದ್ದವರನ್ನೇ ಆರಿಸಿದ್ದರು. 24 ವಾರ ಅವರಿಗೆ ಅರೆಹೊಟ್ಟೆ ಊಟ ಕೊಟ್ಟು, ತೂಕದ ಸುಮಾರು ಕಾಲು ಭಾಗವನ್ನು ಇಳಿಸಲಾಯಿತು.

ಅವರಿಗಾದದ್ದನ್ನು ಓದುತ್ತಿದ್ದರೆ ಡೊಂಬಿವಲಿಯ ಮನೆಯನ್ನೇ ನೋಡಿದಂತಾಗುತ್ತದೆ. ಊಟವನ್ನು ಗಂಟೆಗಟ್ಟಲೆ ಎಳೆದರು. ಇದ್ದದ್ದನ್ನು ಚೂರು ಮಾಡಿ, ನೀರು ಬೆರೆಸಿ, ಹೆಚ್ಚು ಕಾಣುವಂತೆ ಮಾಡಿಕೊಂಡರು. ಅಡುಗೆಯಲ್ಲಿ ಎಂದೂ ಆಸಕ್ತಿ ಇಲ್ಲದಿದ್ದವರು ಅಡುಗೆ ಪುಸ್ತಕಗಳನ್ನು ಕೂಡಿಹಾಕಿದರು, ಹಾಸಿಗೆಯಲ್ಲಿ ಮಲಗಿ ಅವನ್ನು ಕಥೆಯಂತೆ ಓದಿದರು. ಚಹಾ ಕಾಫಿಗಳನ್ನು ಮೇಲಿಂದ ಮೇಲೆ ಕುಡಿದರು. ಚಳಿ ತಡೆಯಲಾರದಾದರು, ಬೇಸಿಗೆಯಲ್ಲೂ ಹೆಚ್ಚಿನ ಬಟ್ಟೆ ಕೇಳಿದರು. ಗೆಳೆಯರಿಂದ, ನಗುವಿನಿಂದ, ಪ್ರೇಮದ ವಿಷಯಗಳಿಂದ ದೂರ ಸರಿದರು. ಸಣ್ಣ ಮಾತಿಗೂ ಸಿಡುಕಿದರು, ಕೆಲವರು ತೀವ್ರ ಖಿನ್ನತೆಗೆ ಇಳಿದರು. ಹೊಟ್ಟೆತುಂಬ ಊಟ ಮತ್ತೆ ಸಿಕ್ಕ ಮೇಲೂ ಎಷ್ಟು ತಿಂದರೆ ಸಾಕೆಂಬುದು ಹಲವರಿಗೆ ಬಹುಕಾಲ ತಿಳಿಯಲಿಲ್ಲ. ಇವರಲ್ಲಿ ಯಾರಿಗೂ ತೆಳ್ಳಗಾಗುವ ಆಸೆಯಿರಲಿಲ್ಲ, ಮೊದಲು ಮಾನಸಿಕ ಕಾಯಿಲೆಯೂ ಇರಲಿಲ್ಲ. ಹಸಿವೊಂದೇ ಇಷ್ಟನ್ನೂ ಮಾಡಿತ್ತು. ಈ ಪ್ರಯೋಗದ ವರದಿ 1950ರಲ್ಲಿ ಎರಡು ದೊಡ್ಡ ಸಂಪುಟಗಳಾಗಿ ಬಂತು.

ಹಾಗಾದರೆ ನಮ್ಮ ಮನೆಗಳಲ್ಲಿ ಹುಡುಗಿಯ ಸ್ವಭಾವದ ಲೆಕ್ಕಕ್ಕೆ ಬರೆಯುವ ಹಠ, ಮೌನ, ಸಿಡುಕು, ಗುಟ್ಟು, ಊಟದ ವಿಚಿತ್ರ ಕ್ರಮಗಳಲ್ಲಿ ಬಹುಪಾಲು ಹಸಿವಿನ ಲೆಕ್ಕಕ್ಕೆ ಸೇರಬೇಕಾದವು. ಎಲ್ಲವೂ ಅಲ್ಲ; ಆ ಯುವಕರಿಗೆ ಊಟ ಸಿಕ್ಕಾಗ ಉಂಡರು, ಈ ಕಾಯಿಲೆಯವರಿಗೆ ಊಟ ಎದುರಿಗಿದ್ದಾಗಲೂ ಭಯ. ಆ ಭಯ ಎಲ್ಲಿಂದ ಬಂತೆಂಬುದು ಬೇರೆ ಪ್ರಶ್ನೆ, ಅದಕ್ಕೆ ನಿಧಾನವಾಗಿ ಉತ್ತರ ಹುಡುಕಬೇಕು. ಆದರೆ ಕಾರಣ ತಿಳಿದ ಮೇಲೆ ಊಟ ಸರಿಹೋಗುತ್ತದೆ ಎಂದು ಕಾಯುತ್ತ ಕೂರುವುದು ತಲೆಕೆಳಗಾದ ಕ್ರಮ. ಹಸಿದ ಮೆದುಳಿಗೆ ಬುದ್ಧಿಮಾತು ತಲುಪುವುದಿಲ್ಲ. ಮೊದಲು ಊಟ, ಆಮೇಲೆ ಮಾತು ಎಂದು ವೈದ್ಯರು ಹೇಳಿದಾಗ ಅಕ್ಕನಿಗೆ ಅದು ಒರಟಾಗಿ ಕೇಳಿಸಿತ್ತು. ನನಗೆ ಅದರಷ್ಟು ಕರುಣೆಯ ಮಾತು ಬೇರೆ ಕಾಣುವುದಿಲ್ಲ.

ಆ ವೈದ್ಯರವರೆಗೆ ತಲುಪುವ ದಾರಿಯೇ ಉದ್ದವಾಗಿತ್ತು. ಅವಳು ಯಾರ ಹತ್ತಿರವೂ ದಪ್ಪಗಾಗುವ ಭಯವಿದೆ ಎಂದು ಹೇಳಲಿಲ್ಲ. ಹೊಟ್ಟೆ ಉಬ್ಬರಿಸುತ್ತದೆ, ನಾಲ್ಕು ತುತ್ತಿಗೇ ತುಂಬಿದಂತಾಗುತ್ತದೆ, ಊಟ ಸೇರುವುದಿಲ್ಲ ಎಂದಳು. ಅದಕ್ಕೆ ತಕ್ಕಂತೆ ಅಸಿಡಿಟಿಗೆ ಮಾತ್ರೆ, ಆಮೇಲೆ ಎಂಡೋಸ್ಕೋಪಿ, ಮುಟ್ಟು ನಿಂತದ್ದಕ್ಕೆ ಸ್ತ್ರೀರೋಗ ತಜ್ಞರು ಬರೆದುಕೊಟ್ಟ ಹಾರ್ಮೋನು ಗುಳಿಗೆ, ಥೈರಾಯ್ಡ್ ಪರೀಕ್ಷೆ, ನಡುವೆ ಊರಿನ ದೈವಕ್ಕೊಂದು ಹರಕೆ. ಅವಳು ಸುಳ್ಳು ಹೇಳುತ್ತಿರಲಿಲ್ಲ. ದೀರ್ಘಕಾಲ ಹಸಿದವರ ಜಠರ ನಿಧಾನವಾಗಿ ಖಾಲಿಯಾಗುತ್ತದೆ, ಆದ್ದರಿಂದ ಸ್ವಲ್ಪ ತಿಂದರೂ ನಿಜವಾಗಿಯೇ ಉಬ್ಬರವಾಗುತ್ತದೆ. ಮುಟ್ಟು ನಿಲ್ಲುವುದು ಗರ್ಭಕೋಶದ ದೋಷದಿಂದಲ್ಲ; ಮೈಗೆ ಶಕ್ತಿ ಸಾಲದಾದಾಗ ಮೆದುಳಿನ ಹೈಪೊಥಲಾಮಸ್ ಆ ಕೆಲಸವನ್ನೇ ಕೈಬಿಡುತ್ತದೆ. ಮೇ ತಿಂಗಳ ಡೊಂಬಿವಲಿಯ ಸೆಖೆಯಲ್ಲಿ ಅವಳು ಸ್ವೆಟರ್ ಹಾಕಿಕೊಂಡು ಫ್ಯಾನ್ ಆರಿಸುತ್ತಿದ್ದಳು. ಫ್ಯಾನಿನ ವಿಷಯಕ್ಕೆ ಅಣ್ಣ ತಂಗಿಯರಲ್ಲಿ ದಿನವೂ ಜಗಳ. ಅವಳ ತೋಳಿನ ಮೇಲೆ ಎಳೆಗೂಸಿನದರಂಥ ನವಿರಾದ ರೋಮ ಬೆಳೆದದ್ದನ್ನು ಮೊದಲು ಗಮನಿಸಿದ್ದು ಬಳೆ ತೊಡಿಸಲು ಹೋದ ಅಮ್ಮ.

ದಪ್ಪಗಾಗುವ ಭಯವನ್ನು ಬಾಯಿಬಿಟ್ಟು ಹೇಳದ ರೋಗಿಗಳು ಏಷ್ಯಾದಲ್ಲಿ ಹಲವರಿದ್ದಾರೆ ಎಂಬುದನ್ನು ಹಾಂಗ್‌ಕಾಂಗಿನ ಮನೋವೈದ್ಯ ಸಿಂಗ್ ಲೀ 1993ರಲ್ಲಿಯೇ ತೋರಿಸಿದ್ದರು. ಅವರು ಅಧ್ಯಯನ ಮಾಡಿದ 70 ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ತೂಕದ ಮಾತೆತ್ತದೆ, ಹೊಟ್ಟೆಯುಬ್ಬರ, ಹಸಿವಿಲ್ಲದಿರುವುದು ಮೊದಲಾದ ಕಾರಣಗಳನ್ನು ಹೇಳಿದ್ದರು. ದೆಹಲಿಯ ವೈದ್ಯರೂ 1995ರಲ್ಲಿ ಇಂಥದೇ ಐವರು ಯುವತಿಯರ ಬಗ್ಗೆ ಬರೆದರು. ಪುಸ್ತಕದಲ್ಲಿರುವ ಪಾಶ್ಚಾತ್ಯ ರೋಗಿಯ ಮಾತನ್ನೇ ನಮ್ಮ ಹುಡುಗಿಯರ ಬಾಯಿಂದ ಕೇಳಲು ಕಾಯುವ ವೈದ್ಯರಿಗೆ ಕಾಯಿಲೆ ಎದುರಿಗೇ ಕುಳಿತಿದ್ದರೂ ಸಿಗುವುದಿಲ್ಲ. ನಮ್ಮಲ್ಲಿ ಅದು ಪಿತ್ತವೆಂದು, ಗ್ಯಾಸೆಂದು, ವ್ರತವೆಂದು ಹೆಸರು ಹೇಳಿಕೊಂಡು ಬರುತ್ತದೆ.

ಇನ್‌ಸ್ಟಾಗ್ರಾಮ್ ಒಂದೇ ಇದಕ್ಕೆಲ್ಲ ಕಾರಣ ಎನ್ನುವ ವಾದವನ್ನು ಬೇಗ ಮುಗಿಸುತ್ತೇನೆ. ಪರದೆಗೆ ಪಾಲಿಲ್ಲವೆಂದಲ್ಲ. ಫಿಜಿಯ ಒಂದು ಪ್ರದೇಶಕ್ಕೆ 1995ರಲ್ಲಿ ಟೆಲಿವಿಷನ್ ಬಂದಾಗ ಅಲ್ಲಿನ ಶಾಲಾ ಹುಡುಗಿಯರನ್ನು ಆ್ಯನ್ ಬೆಕರ್ ಎಂಬ ಸಂಶೋಧಕಿ ಆ ವರ್ಷವೂ ಮತ್ತೆ 1998ರಲ್ಲಿಯೂ ಪರೀಕ್ಷಿಸಿದಾಗ, ತೂಕಕ್ಕೆ ಹೆದರಿ ವಾಂತಿ ಮಾಡುವ ಅಭ್ಯಾಸ ಮೊದಲು ಯಾರಲ್ಲೂ ಇಲ್ಲದ್ದು ಮೂರು ವರ್ಷದಲ್ಲಿ ಶೇಕಡಾ 11.3ಕ್ಕೆ ಏರಿತ್ತು. ಆದರೆ ಇಂಥ ರೋಗಿಗಳ ವರ್ಣನೆ ಲಂಡನ್ನಿನ ರಿಚರ್ಡ್ ಮಾರ್ಟನ್ 1689ರಲ್ಲಿ ಬರೆದ ವೈದ್ಯಗ್ರಂಥದಲ್ಲೇ ಇದೆ, ಅನೊರೆಕ್ಸಿಯಾ ನರ್ವೋಸಾ ಎಂಬ ಹೆಸರನ್ನು ವಿಲಿಯಂ ಗಲ್ ಕೊಟ್ಟದ್ದು 1873ರಲ್ಲಿ. ಅವಳಿಗಳ ಅಧ್ಯಯನಗಳು ಇದರಲ್ಲಿ ಅನುವಂಶೀಯತೆಗೂ ದೊಡ್ಡ ಪಾಲಿದೆ ಎನ್ನುತ್ತವೆ. ಒಂದೇ ಫೋನನ್ನು ಹಂಚಿಕೊಂಡು ಬೆಳೆದ ಅಣ್ಣ ತಂಗಿಯರಲ್ಲಿ ತಂಗಿಗೆ ಮಾತ್ರ ಕಾಯಿಲೆ ಬಂತು.

ಈ ಕಾಯಿಲೆಗಳ ಬಳಗವೂ ದೊಡ್ಡದು, ಎಲ್ಲರೂ ಸೊರಗಿಯೇ ಇರಬೇಕೆಂದಿಲ್ಲ. ಮಿತಿಮೀರಿ ತಿಂದು ಆಮೇಲೆ ಹೊರಹಾಕುವ ಬುಲಿಮಿಯಾವನ್ನು ಜೆರಾಲ್ಡ್ ರಸೆಲ್ 1979ರಲ್ಲಿ ವರ್ಣಿಸಿದ. ಹೊರಹಾಕದೆ, ತಡೆಯಲಾಗದೆ, ನಾಚಿಕೆಯಿಂದ ಒಂಟಿಯಾಗಿ ತಿನ್ನುವ ಸ್ಥಿತಿಗೆ ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಸ್ವತಂತ್ರ ಸ್ಥಾನ ಸಿಕ್ಕಿದ್ದು 2013ರಲ್ಲಿ. ಮುಟ್ಟು ನಿಂತಿರಲೇಬೇಕೆಂಬ ನಿಯಮವನ್ನು ಅನೊರೆಕ್ಸಿಯಾದ ಲಕ್ಷಣಗಳಿಂದ ಕೈಬಿಟ್ಟದ್ದೂ ಅದೇ ವರ್ಷ. ಅದರಿಂದ ಹುಡುಗರಿಗೂ ಆ ಪಟ್ಟಿಯಲ್ಲಿ ಜಾಗವಾಯಿತು. ನಮ್ಮ ಕಡೆಯ ಎಷ್ಟು ಹುಡುಗರು ಜಿಮ್ಮಿನ ಕನ್ನಡಿಯ ಮುಂದೆ ತಮ್ಮ ತೋಳು ಇನ್ನೂ ಸಣಕಲೆಂದು ಕೊರಗುತ್ತ, ಮದುವೆಮನೆಯ ಊಟವನ್ನು ಬಿಟ್ಟು ಪ್ರೋಟೀನ್ ಪುಡಿಯ ಶೇಕರ್ ಹಿಡಿದು ಓಡಾಡುತ್ತಾರೋ, ಅವರನ್ನು ಯಾರೂ ಆಸ್ಪತ್ರೆಗೆ ಕರೆದೊಯ್ಯುವುದಿಲ್ಲ.

ಕೊನೆಗೆ ಮುಂಬಯಿಯ ಒಂದು ಸರಕಾರಿ ಆಸ್ಪತ್ರೆಯ ಮನೋವೈದ್ಯ ವಿಭಾಗದಲ್ಲಿ ಅವಳನ್ನು ಸೇರಿಸಿಕೊಂಡರು. ನಾಡಿ ಅಷ್ಟು ನಿಧಾನವಾಗಿತ್ತು. ಅಲ್ಲಿಗೆ ಹೋದ ಕೂಡಲೇ ಹೊಟ್ಟೆತುಂಬ ಉಣ್ಣಿಸುತ್ತಾರೆ ಎಂದು ಅಕ್ಕ ಎಣಿಸಿದ್ದಳು. ಆದರೆ ವೈದ್ಯರು ಆಹಾರವನ್ನು ಹಂತಹಂತವಾಗಿ ಏರಿಸಿದರು, ಪದೇಪದೇ ರಕ್ತ ಪರೀಕ್ಷೆ ಮಾಡಿಸಿದರು. ಬಹಳ ದಿನ ಹಸಿದ ಮೈಗೆ ಒಮ್ಮೆಲೇ ಅನ್ನ ಬಿದ್ದರೆ ಇನ್ಸುಲಿನ್ ಏರಿ, ರಕ್ತದಲ್ಲಿನ ಫಾಸ್ಫೇಟ್ ಜೀವಕೋಶಗಳೊಳಗೆ ಸರಿದು, ರಕ್ತದಲ್ಲಿ ಅದರ ಮಟ್ಟ ಕುಸಿದು ಹೃದಯಕ್ಕೆ ಅಪಾಯವಾಗುತ್ತದೆಯಂತೆ. ಮಾನಸಿಕ ಕಾಯಿಲೆಗಳಲ್ಲಿ ಅತಿ ಹೆಚ್ಚು ಜೀವ ತೆಗೆಯುವವುಗಳ ಸಾಲಿನಲ್ಲಿ ಇದೂ ಒಂದು ಎಂದು ಅವರು ಹೇಳಿದ ದಿನ, ಹೋಟೆಲು ಬಿಟ್ಟು ಬೇರೇನೂ ತಿಳಿಯದ ಭಾವ ಆಸ್ಪತ್ರೆಯ ಕಾರಿಡಾರಿನಲ್ಲಿ ನೆಲದ ಮೇಲೆಯೇ ಕುಳಿತುಬಿಟ್ಟರು.

ಮನೆಗೆ ಕಳಿಸುವಾಗ ಹೇಳಿಕೊಟ್ಟ ಚಿಕಿತ್ಸೆ ಲಂಡನ್ನಿನ ಮಾಡ್ಸ್ಲಿ ಆಸ್ಪತ್ರೆಯಲ್ಲಿ ರೂಪುಗೊಂಡದ್ದು; ಇದೇ ರಸೆಲ್ ಮತ್ತು ಸಂಗಡಿಗರು ಅದರ ಫಲವನ್ನು 1987ರಲ್ಲಿ ಪ್ರಕಟಿಸಿದ್ದರು. ಅದರಲ್ಲಿ ತಂದೆತಾಯಿಯರನ್ನು ಅಪರಾಧಿಗಳೆಂದು ಹೊರಗಿಡುವುದಿಲ್ಲ, ಊಟದ ಹೊಣೆಯನ್ನೇ ಅವರ ಕೈಗೆ ಕೊಡುತ್ತಾರೆ. ಏನು ಎಷ್ಟು ಎಂಬುದನ್ನು ಅವರೇ ನಿರ್ಧರಿಸಿ ಬಡಿಸಬೇಕು, ಮುಗಿಯುವವರೆಗೆ ಜೊತೆಯಲ್ಲಿ ಕುಳಿತಿರಬೇಕು, ಚೌಕಾಸಿ ಮಾಡಬಾರದು, ಬೈಯಲೂ ಬಾರದು. ಮೈ ಚೇತರಿಸಿಕೊಂಡಂತೆ ಆ ಅಧಿಕಾರವನ್ನು ಮೆಲ್ಲಗೆ ಅವಳಿಗೆ ಮರಳಿಸಬೇಕು. ಕೇಳಲು ಸರಳ. ಮಾಡುವಾಗ ಸ್ಟೀಲ್ ಲೋಟ ಗೋಡೆಗೆ ಬಡಿಯಿತು, ಬಾಗಿಲು ಬಡಿಯಿತು, “ನೀನು ನನ್ನ ಅಮ್ಮನೇ ಅಲ್ಲ” ಎಂಬ ಮಾತೂ ಬಂತು. ಭಾವ ಮಧ್ಯಾಹ್ನದ ಗಿರಾಕಿಯ ಹೊತ್ತಿನಲ್ಲಿ ಗಲ್ಲೆಯನ್ನು ತಮ್ಮನಿಗೆ ಒಪ್ಪಿಸಿ ಲೋಕಲ್ ಹಿಡಿದು ಮನೆಗೆ ಬಂದು ಮಗಳ ಜೊತೆ ಕೂರುತ್ತಿದ್ದರು. ತಮ್ಮ ಪಥ್ಯದ ಊಟವನ್ನು ಬೇರೆ ಹೊತ್ತಿಗೆ ಮುಗಿಸಿ, ಆ ಮೇಜಿನ ಮೇಲೆ ಪಿಷ್ಟದ ಮಾತನ್ನು ನಿಲ್ಲಿಸಿದರು. ತೂಕದ ಯಂತ್ರ ಆಸ್ಪತ್ರೆಯಲ್ಲಿ ಮಾತ್ರ ಎಂದಾಯಿತು.

ಎಲ್ಲಕ್ಕಿಂತ ಕಠಿಣವಾದ ಪ್ರಶ್ನೆ ಅಮ್ಮನ ಏಕಾದಶಿಯದಾಗಿತ್ತು. ಮನೆಯಲ್ಲಿ ಸದ್ಯಕ್ಕೆ ಯಾರೂ ಅವಳೆದುರು ಉಪವಾಸ ಮಾಡದಿದ್ದರೆ ಒಳ್ಳೆಯದೆಂದು ವೈದ್ಯರು ಹೇಳಿದ್ದನ್ನು ಅಮ್ಮನಿಗೆ ತಿಳಿಸುವ ಧೈರ್ಯ ಅಕ್ಕನಿಗಿರಲಿಲ್ಲ, ನಾನೇ ಹೇಳಿದೆ. ಅಮ್ಮ ಏನೂ ವಾದ ಮಾಡಲಿಲ್ಲ. ಮುಂದಿನ ಏಕಾದಶಿಯಂದು ಬೆಳಿಗ್ಗೆ ಮಿಂದು ಬಂದವರೇ ಮೊಸರವಲಕ್ಕಿ ಕಲಸಿ ಎರಡು ತಟ್ಟೆಗೆ ಹಾಕಿ, ಮೊಮ್ಮಗಳ ಪಕ್ಕದಲ್ಲಿ ಕುಳಿತರು. “ಇಷ್ಟು ವರ್ಷದ್ದು ದೇವರ ಹತ್ರ ಜಮೆ ಇದೆ, ಸ್ವಲ್ಪ ತೆಗೆದರೆ ಖರ್ಚಾಗಿ ಹೋಗೋದಿಲ್ಲ” ಎಂದರು. ಹುಡುಗಿ ಅಂದು ತಟ್ಟೆ ಖಾಲಿ ಮಾಡಲಿಲ್ಲ. ಅಮ್ಮ ಮಾತ್ರ ಖಾಲಿ ಮಾಡಿದರು, ಮತ್ತು ಅವಳು ತಿನ್ನುವವರೆಗೂ ಏಳದೆ ಊರಿನ ಗದ್ದೆಯ ವ್ಯಾಜ್ಯದ ಕಥೆ ಹೇಳುತ್ತ ಕುಳಿತರು.

ಈಗ ಅವಳು ಕಾಲೇಜಿಗೆ ಮರಳಿದ್ದಾಳೆ. ಡಬ್ಬಿಯನ್ನು ತಾನೇ ತುಂಬಿಕೊಳ್ಳುತ್ತಾಳೆ, ಅಕ್ಕ ಒಮ್ಮೆ ನೋಡುತ್ತಾಳೆ. ಮುಟ್ಟು ಮರಳಿದೆ. ಮೂಳೆಯ ಸಾಂದ್ರತೆ ಎಷ್ಟು ಹಿಂದಿರುಗುತ್ತದೆ ಎಂಬುದನ್ನು ಇನ್ನೂ ಪರೀಕ್ಷೆ ಮಾಡುತ್ತಲೇ ಇರಬೇಕು. ಕೆಲವು ದಿನ ಚೆನ್ನಾಗಿರುತ್ತಾಳೆ, ಕೆಲವು ದಿನ ಕನ್ನಡಿಗೆ ಬಟ್ಟೆ ಹೊದಿಸುತ್ತಾಳೆ. ಇದೇ ದಾರಿಯಲ್ಲಿ ಎಲ್ಲಿಂದ ಶುರುಮಾಡಬೇಕೆಂದು ತಿಳಿಯದವರು ಸರಕಾರದ ಟೆಲಿ ಮಾನಸ್‌ಗೆ, 14416ಕ್ಕೆ, ಕನ್ನಡದಲ್ಲಿಯೇ ಮಾತನಾಡಿ ಕೇಳಬಹುದು; ಅದು 2022ರ ಅಕ್ಟೋಬರಿನಿಂದ ನಡೆಯುತ್ತಿದೆ.

ನಮ್ಮವರ ಸಮಾರಂಭಗಳು ಮಾತ್ರ ಅವಳಿಗೆ ಇನ್ನೂ ಕಷ್ಟ. ಸಯಾನಿನಲ್ಲೋ ಕುರ್ಲಾದಲ್ಲೋ ಯಾವ ಸಭಾಗೃಹದ ಬಾಗಿಲು ದಾಟಿದರೂ, ಪನ್ನೀರು ಚಿಮುಕಿಸುವ ಮೊದಲೇ ಮೈಯ ವರದಿ ಒಪ್ಪಿಸುವವರು ಸಾಲಾಗಿ ನಿಂತಿರುತ್ತಾರೆ: ಏನು ಇಷ್ಟು ಸೊರಗಿದ್ದೀಯ, ಏನು ಮೈ ಬಂದಿದೆ, ಹೋದ ಸಲವೇ ಚೆನ್ನಾಗಿದ್ದೆ. ಚೇತರಿಸಿಕೊಳ್ಳುತ್ತಿರುವವಳಿಗೆ “ಈಗ ಚೆನ್ನಾಗಿ ತುಂಬಿಕೊಂಡಿದ್ದೀಯ” ಎಂಬ ಮೆಚ್ಚುಗೆ ಬೈಗುಳಕ್ಕಿಂತ ಕೆಟ್ಟದಾಗಿ ನಾಟುತ್ತದೆ ಎಂಬುದು ಹೇಳಿದವರಿಗೆ ಗೊತ್ತಿರುವುದಿಲ್ಲ. ಮುಂದಿನ ತಿಂಗಳು ಭಾವನ ಕಡೆಯ ಒಂದು ಮದುವೆಯಿದೆ. ಅಕ್ಕ ಈ ಸಲ ಮೊದಲೇ ಫೋನು ಹಿಡಿದು ಕುಳಿತು, ಹತ್ತಿರದವರಿಗೆಲ್ಲ, ಹುಡುಗಿ ಬರುತ್ತಾಳೆ, ಅವಳ ಮೈಯ ವಿಷಯವಾಗಲಿ ತಟ್ಟೆಯ ವಿಷಯವಾಗಲಿ ಎತ್ತಬೇಡಿ ಎಂದು ಹೇಳಿದ್ದಾಳೆ. ಹೆಚ್ಚಿನವರು ಒಪ್ಪಿದರು. ಭಾವನ ಸೋದರತ್ತೆಯೊಬ್ಬರಿಗೆ ಮಾತ್ರ ಸಿಟ್ಟು ಬಂತು. ಹುಟ್ಟಿದಾಗಿನಿಂದ ನೋಡಿದ ಮಗುವಿಗೆ ಒಂದು ಮಾತು ಹೇಳುವ ಹಕ್ಕೂ ತಮಗಿಲ್ಲವೇ, ಹಾಗಿದ್ದರೆ ಏನು ಮಾತಾಡಬೇಕು ಎಂದು ಕೇಳಿದರಂತೆ.

“ವಿರಾರ್‌ನಿಂದ ಯಾವ ಗಾಡಿಗೆ ಬಂದ್ರಿ, ಕೂರೋಕೆ ಜಾಗ ಸಿಕ್ತಾ ಅಂತ ಅವಳೇ ಕೇಳ್ತಾಳೆ ಅತ್ತೆ, ಅದಕ್ಕೆ ಉತ್ತರ ಹೇಳಿ” ಎಂದಳಂತೆ ಅಕ್ಕ. ಸೋದರತ್ತೆ ಮದುವೆಗೆ ಬರುತ್ತಾರೋ ಇಲ್ಲವೋ ಇನ್ನೂ ಗೊತ್ತಾಗಿಲ್ಲ.